ಒದೆಯುವ ಕಾಲಿನ ಚಂದ್ರಾಮಪ್ಪ

ಬೀಳುವ ಹಿಂದಿನ ದಿನವೂ ಚಂದ್ರಾಮಪ್ಪ ಕಮಲಾಪುರದ ಕೆಂಬಾಳೆ ಹೇರಿಕೊಂಡು ಕಲಬುರಗಿಗೆ ಗಾಡಿ ಹೊಡೆದಿದ್ದ. ತನ್ನ ಎತ್ತುಗಳು ಮೋಟಾರನ್ನೇ ಹಿಂದೆ ಹಾಕಿದವೆಂದು ಬಡಾಯಿ ಕೊಚ್ಚಿ, ಎರಡು ರೊಟ್ಟಿ ಹೆಚ್ಚು ತಿಂದು ಮಲಗಿದ್ದ. ಮರುದಿನ ಗಾಡಿಯಿಂದ ಬಿದ್ದು ಬೆನ್ನು ಮುರಿದರೂ ಅವನ ಬಾಯಿ ಕುಗ್ಗಲಿಲ್ಲ. ಎರಡು ತಿಂಗಳು ಕಾಲುಗಳು ನೆನೆದ ಹಗ್ಗದಂತೆ ಬಿದ್ದಿದ್ದವು. ಹೈದರಾಬಾದಿನ ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಆ್ಯಕ್ಷನ್ ಮುಗಿದ ವಾರ, ಹೆಂಡತಿ ಮರೆಮ್ಮ ಅಂಗಾಲು ಒರೆಸುವಾಗ ಒಂದು ಕಾಲು ಝಾಡಿಸಿ ಒದೆಯಿತು. ಅಂದಿನಿಂದ ನೋಡಲು ಬಂದವರಿಗೆಲ್ಲ ಅದೇ ತಮಾಷೆ. "ಮುಟ್ಟಿ ನೋಡ್ರಿ, ನಮ್ಮ ಹೈದರಾಬಾದಿನಂಗ ನನ್ನ ಕಾಲೂ ಸ್ವತಂತ್ರ ಆಗ್ಯಾವ" ಎನ್ನುವನು. ಕಂಬಳಿ ತಾಕಿ ಕಾಲು ಜಿಗಿದರೂ "ನಾನೇ ಎತ್ತೀನಿ" ಎನ್ನುವನು. ಕಲಬುರಗಿಯ ಡಾಕ್ಟರು ಮೊಣಕಾಲಿಗೆ ಸಣ್ಣ ಸುತ್ತಿಗೆ ಬಡಿದಾಗ ಕಾಲು ಅವರ ಹೊಟ್ಟೆಗೇ ಹೋಯಿತು. "ಎತ್ತಿಗಿಂತ ಜೋರ್ ಅದ ನೋಡ್ರಿ ಸಾಹೇಬ್ರ" ಎಂದು ನಕ್ಕ. ಡಾಕ್ಟರು ಹೊರಗೆ ಬಂದು ಮರೆಮ್ಮನಿಗೆ ಹೇಳಿದರು: "ತಲಿ ಹುಕುಂ ಬೆನ್ನು ದಾಟಂಗಿಲ್ಲವ್ವ. ಮುಟ್ಟಿದರ ಕಾಲು ತಾನಾ ಒದೀತದ. ಅಂವ ಇನ್ನ ನಡಿಯಂಗಿಲ್ಲ." ಅವಳು ಅದನ್ನು ಅವನಿಗೆ ಹೇಳಲಿಲ್ಲ. ಒಂದು ಮಧ್ಯಾಹ್ನ ಬಾಗಿಲ ಮರೆಯಿಂದ ಕಂಡಳು. ಅವನು ಒಬ್ಬನೇ ಕಾಲಿನ ಹೆಬ್ಬೆರಳನ್ನು ದಿಟ್ಟಿಸುತ್ತ, "ಒಮ್ಮೆ ಅಲ್ಲಾಡೋ ನನ್ನಪ್ಪ" ಎಂದು ಬೇಡುತ್ತಿದ್ದ. ಹಣೆ ಬೆವರಿತ್ತು, ಬೆರಳು ಅಲ್ಲಾಡಿರಲಿಲ್ಲ. ಮರೆಮ್ಮ ಕೆಮ್ಮಿ ಒಳಗೆ ಬಂದು ಅಂಗಾಲು ಮುಟ್ಟಿದಳು. ಕಾಲು ಒದೆಯಿತು. "ಇವತ್ತ ಭಾಳ ಜೋರ ಒದ್ದೀರಿ" ಎಂದಳು. ಮರುದಿನದಿಂದ ದಿನಾ ಬೆಳಿಗ್ಗೆ, ಅವನ ಕಣ್ಣಿಗೆ ಬೀಳುವಂತೆ, ಅವನ ಚಪ್ಪಲಿಗೆ ಔಡಲೆಣ್ಣೆ ಹಚ್ಚಿ ಹೊಸ್ತಿಲ ಬಳಿ ಇಡತೊಡಗಿದಳು. ಅವನು ಸತ್ತು ವರ್ಷವಾಯಿತು. ಈಗಲೂ ಇಡುತ್ತಾಳೆ.