ಒಂದೂವರೆ ಅಡಿ ಹಿಂದಿನ ಗೋಡೆ

ಗಂಡ ಹೋಗಿ ಏಳು ತಿಂಗಳಾದರೂ ಹೇಮಾಕ್ಷಿ ಒಮ್ಮೆಯೂ ಅತ್ತಿರಲಿಲ್ಲ. ನರಸಿಂಹಮೂರ್ತಿ ತಾವು ಕೆಲಸ ಮಾಡುತ್ತಿದ್ದ ಬ್ಯಾಂಕಿನ ಮೆಟ್ಟಿಲ ಮೇಲೆ ಎದೆ ಹಿಡಿದು ಕುಸಿದ ದಿನವೂ ಇಲ್ಲ. ಅವರಿದ್ದ ತೆಲುಗು ಊರಿನ ಎಂವಿಪಿ ಕಾಲೋನಿಯ ಹೆಂಗಸರು ಕಲ್ಲೆದೆ ಎಂದು ಪಿಸುಗುಟ್ಟಿದರು. ಊರ ಬಾಯಿಗೆ ಬೀಗ ಹಾಕುವವರು ಯಾರು? ತುಮಕೂರಿನಿಂದ ಅತ್ತಿಗೆ ಫೋನ್ ಮಾಡಿ, “ಒಂದ್ಸಲ ಅತ್ತುಬಿಡೇ, ಹಗುರಾಗುತ್ತೆ” ಅಂದರೆ, “ಬರಲ್ಲ ಅತ್ತಿಗೆ, ಏನ್ ಮಾಡ್ಲಿ?” ಎನ್ನುತ್ತಿದ್ದಳು, ನಲ್ಲಿಯಲ್ಲಿ ನೀರು ಬರಲಿಲ್ಲ ಎಂದು ಹೇಳುವವರ ಹಾಗೆ.

ದ್ವಾರಕಾ ನಗರದ ರಾಮಮೋಹನ್ ಅವರ ಮನೆ ನಕ್ಷೆಯ ಆಫೀಸಿನಲ್ಲಿ ಆಕೆಗೆ ಕಂಪ್ಯೂಟರಿನಲ್ಲಿ ಒಳಗೋಡೆಗಳ ಎಲಿವೇಷನ್ ಬರೆಯುವ ಕೆಲಸ. ಕೋಣೆಯ ನಡುವೆ ನಿಂತು ಎದುರಿನ ಗೋಡೆ ನೋಡಿದರೆ ಹೇಗೆ ಕಾಣುತ್ತದೋ ಹಾಗೆ ಬರೆಯಬೇಕು. 2008ರ ಒಂದು ಸೋಮವಾರ ಅವಳ ಮುಂದೆ ವಿಜಯವಾಡದ ಒಂದು ಫ್ಲಾಟಿನ ಅಡುಗೆಮನೆ ಬಂತು. ಗಂಡನಿಗೆ ಅಲ್ಲಿಗೆ ವರ್ಗವಾಗಲಿದ್ದುದರಿಂದ ಇವರೇ ಬುಕ್ ಮಾಡಿದ್ದ ಫ್ಲಾಟ್ ಅದು. ಅವರು ಹೋದ ಮೇಲೆ ಹೇಮಾಕ್ಷಿ ಕಣ್ಣಿಂದಲೂ ನೋಡದೆ ಬಿಟ್ಟುಕೊಟ್ಟಿದ್ದಳು. ಈಗ ಅದು ಕೋಟೇಶ್ವರಮ್ಮ ಎಂಬುವವರದು. ಬೇರೆಯವರಿಗೆ ಕೊಡಲೇ ಎಂದು ರಾಮಮೋಹನ್ ಕೇಳಿದರು. ಬೇಡವೆಂದಳು. ಮಧ್ಯಾಹ್ನದೊಳಗೆ ಈ ಚಿತ್ರ ಸೈಟಿಗೆ ಹೋದರೆ ಆ ಮನೆಯ ಋಣ ಹರಿಯಿತು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಮೂರು ಗೋಡೆ ಸರಾಗವಾಗಿ ಬಂದವು. ನಾಲ್ಕನೆಯದು ಬರೀ ಬಿಳಿ. ಮರೆಯಾಗಿದ್ದ ಗೆರೆಗಳನ್ನೆಲ್ಲ ಪರದೆಗೆ ತಂದಳು, ಗೋಡೆ ಅಳಿಸಿ ಮತ್ತೆ ಎಳೆದಳು, ಕಂಪ್ಯೂಟರನ್ನೇ ಆರಿಸಿ ಹಚ್ಚಿದಳು. ಊಹೂಂ. ಒಂದು ಗಂಟೆ ಗುಡ್ಡ ಅಗೆದ ಮೇಲೆ ಇಲಿ ಸಿಕ್ಕಿತು. ನಕ್ಷೆಯಲ್ಲಿ ಗೋಡೆಯತ್ತ ತಿರುಗಿರುವ ಬಾಣದ ಗುರುತಿಗೆ ಇಷ್ಟು ದೂರ ನೋಡು ಎಂಬ ಒಂದು ಮಿತಿ ಇರುತ್ತದೆ; ಅದರಾಚೆಯದನ್ನು ಕಂಪ್ಯೂಟರ್ ತೋರಿಸುವುದಿಲ್ಲ. ಆ ಬಾಣ ಮೊದಲು ಗೋಡೆಯಿದ್ದ ಕಡೆಯವರೆಗೆ ನೋಡಿ ನಿಂತುಬಿಟ್ಟಿತ್ತು. ಸೈಟಿನಿಂದ ಹೊಸದಾಗಿ ಬಂದ ಅಳತೆಯಲ್ಲಿ ಗೋಡೆ ಒಂದೂವರೆ ಅಡಿ ಹಿಂದಿತ್ತು.

ಅಳತೆಯೇ ತಪ್ಪಿರಬೇಕೆಂದು ಸೈಟಿನ ಮೇಸ್ತ್ರಿ ಸೂರ್ಯಪ್ರಕಾಶನಿಗೆ ಫೋನ್ ಮಾಡಿದಳು.

“ತಪ್ಪಿಲ್ಲ ಅಮ್ಮಾ, ಸಾರ್ ಗಾರು ಕಟ್ಟಿಸಿದ್ದು,” ಎಂದ ಅವನು ತೆಲುಗಿನಲ್ಲಿ.

“ಯಾವ ಸಾರ್?”

“ನಿಮ್ಮ ಸಾರೇ. ಎರಡು ಭಾನುವಾರ ಬಂದು ಎದುರಿಗೆ ನಿಂತು ಕಟ್ಟಿಸಿದರು. ‘ನಾನು ಅಡುಗೆ ಮಾಡುವಾಗ ನಮ್ಮಾಕೆಗೆ ಕುರ್ಚಿ ಹಾಕಿಕೊಂಡು ಕೂರೋಕೆ ಜಾಗ ಬೇಕು’ ಅಂದರು. ‘ಗೃಹಪ್ರವೇಶದ ದಿನವೇ ನೋಡಲಿ, ಹೇಳಬೇಡ’ ಅಂದಿದ್ದರು.”

ಆ ಎರಡು ಭಾನುವಾರ ಅನಕಾಪಲ್ಲಿ ಶಾಖೆಯಲ್ಲಿ ಕೆಲಸವಿದೆ ಎಂದು ಹೇಳಿ ಹೋಗಿದ್ದರು ಮಹಾರಾಯರು. ಸುಳ್ಳಿಗೆ ಸಾಕ್ಷಿಯಾಗಿ ಆ ಊರಿನ ಹೆಸರುವಾಸಿ ಬೆಲ್ಲ ಬೇರೆ ತಂದಿದ್ದರು. ಬಾಡಿಗೆ ಮನೆಯ ಇಕ್ಕಟ್ಟಿನ ಅಡುಗೆಮನೆಯಲ್ಲಿ ಇಬ್ಬರಿಗೆ ಜಾಗವಿರಲಿಲ್ಲ. ಅವರು ಒಗ್ಗರಣೆ ಹಾಕುತ್ತಿದ್ದರೆ ಹೇಮಾಕ್ಷಿ ಬಾಗಿಲಾಚೆ ನಿಂತು ಕೆಮ್ಮುತ್ತಲೇ ಹರಟುತ್ತಿದ್ದಳು.

“ಕೋಟೇಶ್ವರಮ್ಮ ಗಾರು ಅಲ್ಲಿ ಫ್ರಿಜ್ ಇಡ್ತಾರಂತೆ. ಹಾಗೇ ಬರೆದು ಕಳಿಸಿ ಅಮ್ಮಾ,” ಎಂದು ಮೇಸ್ತ್ರಿ ಫೋನ್ ಇಟ್ಟ.

ಹೇಮಾಕ್ಷಿ ಮಿತಿಯನ್ನು ಒಂದೂವರೆ ಅಡಿ ಹೆಚ್ಚಿಸಿದಳು. ಗೋಡೆ ಬಂತು. ಅದರ ಮುಂದೆ ಫ್ರಿಜ್ ಬರೆದು, ಚಿತ್ರದ ಕೆಳಗೆ ತನ್ನ ಹೆಸರು ಹಾಕಿ, ಹನ್ನೊಂದೂವರೆಗೆಲ್ಲ ಕಳಿಸಿಯೂ ಬಿಟ್ಟಳು. ಆಮೇಲೆ ಅವಳಿಗೆ ಸಿಟ್ಟು ಬಂತು.

“ಒಂದ್ ಮಾತು ಹೇಳ್ಬಾರ್ದಾಗಿತ್ತೇನ್ರೀ?” ಎಂದು ಪರದೆಯ ಮೇಲಿನ ಗೋಡೆಯನ್ನೇ ಗಟ್ಟಿಯಾಗಿ ಕೇಳಿದಳು. ಕನ್ನಡ ಬಾರದ ರಾಮಮೋಹನ್ ಬೆಚ್ಚಿ ತಲೆಯೆತ್ತಿದರು.

“ನೋಡ್ದೇನೇ ಕೊಟ್ಟುಬಿಟ್ನಲ್ರೀ!”