ನಾಳೆಯಕ್ಕ ನಿನ್ನೆಯೇ ಬಂದು ಹೋಗಿದ್ದಾರೆ

ಬೆಳಗಿನ ಐದೂವರೆ. ಕೆರೆಯಂಚಿನ ಹೋಟೆಲಿನ ಎರಡನೇ ಮಹಡಿಯಲ್ಲಿ ಮೂರು ಕೋಣೆಗಳ ಬಾಗಿಲು ತೆರೆದಿವೆ. ಮೂರರಲ್ಲೂ ಬಿಸಿನೀರಿನ ನಲ್ಲಿ ಒಟ್ಟಿಗೇ ಸುರಿಯುತ್ತಿದೆ. ಐವತ್ತಮೂರರ ಹೆಂಗಸೊಬ್ಬರು ಒಂದು ಕೋಣೆಯಿಂದ ಇನ್ನೊಂದಕ್ಕೆ ಬರಿಗಾಲಲ್ಲಿ ಓಡಾಡುತ್ತ, ನೀರಿಗೆ ಮೊಣಕೈ ಒಡ್ಡಿ, ಕೈಗಡಿಯಾರ ನೋಡಿ, ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಾರೆ. ಒಂದೇ ನಲ್ಲಿ ತೆರೆದರೆ ಯಾವ ಹೋಟೆಲಿನಲ್ಲೂ ಬಿಸಿನೀರು ಬರುತ್ತದೆ. ಮೂವತ್ತೊಂದು ಜನ ಒಂದೇ ಹೊತ್ತಿಗೆ ಎದ್ದರೆ ಏನಾಗುತ್ತದೆ ಎಂಬುದು ಅವರ ಚಿಂತೆ.

"ಇದಕ್ಕೆ ಆರು ನಿಮಿಷ. ಆ ಮೂಲೆ ಕೋಣೆಗೆ ಒಂಬತ್ತು. ಅಲ್ಲಿಗೆ ವಯಸ್ಸಾದವರನ್ನ ಹಾಕ್ಬೇಡಿ," ಎನ್ನುತ್ತಾರೆ.

ರಾತ್ರಿಪಾಳಿ ಮುಗಿಸುತ್ತಿರುವ ಹೋಟೆಲಿನ ಗುಮಾಸ್ತ ಆಕಳಿಸುತ್ತಾನೆ. "ಅಕ್ಕಾ, ನೀವು ಬಂದ್ರೆ ನಮ್ಮ ನೀರಿನ ಟ್ಯಾಂಕಿಗೂ ಪರೀಕ್ಷೆ ಭಯ."

"ಫೇಲಾದ್ರೆ ಟ್ಯಾಂಕಿಗೆ ಬಯ್ಯಲ್ಲಪ್ಪ, ನಿನಗೇ ಬಯ್ಯೋದು."

ಆಮೇಲೆ ಅವರು ಪ್ರತಿ ಕೋಣೆಯ ಹಾಸಿಗೆಯ ಮೇಲೂ ಕಣ್ಣು ಮುಚ್ಚಿ ಎರಡೆರಡು ನಿಮಿಷ ಮಲಗುತ್ತಾರೆ. ಮಲಗಿ ಕಿವಿಗೊಡುತ್ತಾರೆ. ಲಿಫ್ಟಿನ ಸದ್ದು, ಅಡುಗೆಮನೆಯ ಪಾತ್ರೆಗಳ ಸದ್ದು, ಪಕ್ಕದ ಕೋಣೆಯ ಕೆಮ್ಮು, ಎಲ್ಲವೂ ಪುಸ್ತಕಕ್ಕೆ ಇಳಿಯುತ್ತವೆ. ಕೊನೆಗೆ ಎರಡು ಕೈಗಳಲ್ಲೂ ತುಂಬಿದ ಚೀಲ ಹಿಡಿದು ಮೆಟ್ಟಿಲು ಹತ್ತಿ ಇಳಿಯುತ್ತಾರೆ. ಖಾಲಿ ಕೈಯಲ್ಲಿ ಮೆಟ್ಟಿಲು ಹತ್ತುವ ಪ್ರವಾಸಿಯನ್ನು ತಾವು ಕಂಡಿಲ್ಲ ಎನ್ನುವುದು ಅವರ ಸಮಜಾಯಿಷಿ.

ಸಣ್ಣದೊಂದು ಪ್ರವಾಸ ಸಂಸ್ಥೆಯಲ್ಲಿ ಅವರ ಕೆಲಸ ಇಷ್ಟೇ: ಪ್ರವಾಸಿಗರ ಬಸ್ಸು ನಾಳೆ ಎಲ್ಲಿಗೆ ಬರುತ್ತದೋ ಅಲ್ಲಿಗೆ ಇವತ್ತು ಹೋಗುವುದು. ಹತ್ತೊಂಬತ್ತು ವರ್ಷಗಳಿಂದ ಹೀಗೆ ಒಂದು ದಿನ ಮುಂದೆ ನಡೆಯುತ್ತಿದ್ದಾರೆ. ವರ್ಷಕ್ಕೆ ಇನ್ನೂರು ದಿನ ಊರ ಮೇಲೆ, ಸಾಮಾನ್ಯ ಬಸ್ಸಿನಲ್ಲಿ, ಒಂದೇ ಒಂದು ಚೀಲದ ಜೊತೆ. ತುಂಬಿದ ನೋಟ್‌ಬುಕ್ಕುಗಳು ಇಪ್ಪತ್ತಾರು. ಅವರು ಮೊದಲೇ ಮಲಗಿ ನೋಡಿದ ಹಾಸಿಗೆಯಲ್ಲಿ ಸಾವಿರಾರು ಜನ ನಿದ್ದೆ ಮಾಡಿದ್ದಾರೆ. ಒಬ್ಬರೂ ಅವರ ಮುಖ ನೋಡಿಲ್ಲ.

ದಾರಿಯುದ್ದಕ್ಕೂ ಹೋಟೆಲಿನವರು, ಚಹಾದಂಗಡಿಯವರು, ಟಿಕೆಟ್ ಕೊಡುವವರು ಅವರನ್ನು ಕರೆಯುವುದು 'ನಾಳೆಯಕ್ಕ' ಎಂದು. ಹೋದಲ್ಲೆಲ್ಲ ಅವರು ಕೇಳುವ ಮೊದಲ ಮಾತು "ನಾಳೆ ಏನು?" ಎಂಬುದು.

ಈ ಪ್ರಶ್ನೆಗೆ ಹನ್ನೊಂದು ವರ್ಷ. ಆಗ ಒಂದು ದ್ವೀಪಕ್ಕೆ ಹೋಗುವ ಲಾಂಚನ್ನು ನೋಡಿ ಬಂದಿದ್ದರು. ಲಾಂಚು ಇದೆಯೇ ಎಂದು ಕೇಳಿದ್ದರು, ಇದೆ ಎಂದಿದ್ದರು, ಕಣ್ಣೆದುರೇ ಹೊರಟೂ ಇತ್ತು. ಮರುದಿನ ನಲವತ್ತೊಂದು ಜನ ಬಂದಿಳಿದಾಗ ಅದರ ವಾರದ ರಜೆ. ಮದುವೆಯಾಗಿ ಐವತ್ತು ವರ್ಷವಾದದ್ದಕ್ಕೆಂದೇ ಬಂದಿದ್ದ ದಂಪತಿ ಹೊಸ ಬಟ್ಟೆ ಉಟ್ಟು ದಡದ ಬೆಂಚಿನ ಮೇಲೆ ಐದು ಗಂಟೆ ಕೂತಿದ್ದರಂತೆ.

"ನನಗೆ ಯಾರೂ ಸುಳ್ಳು ಹೇಳಿರ್ಲಿಲ್ಲ," ಎನ್ನುತ್ತಾರೆ ನಾಳೆಯಕ್ಕ. "ನಾನು ಕೇಳಿದ್ದು ಇವತ್ತಿನ ಮಾತು, ಅವರು ಹೇಳಿದ್ದೂ ಇವತ್ತಿನ ಮಾತು. ಒಂದು ದಿನ ಮುಂಚೆ ಹೋಗೋಳಿಗೆ ಅಷ್ಟು ತಿಳೀಬೇಡ್ವಾ? ಆ ಅಮ್ಮ ಬಯ್ದಿದ್ರೆ ಮರೀತಿದ್ದೆ. 'ಇರ್ಲಿ ಬಿಡಿ' ಅಂದ್ರಂತೆ. ಅದಕ್ಕೇ ಮರೆಯೋಕಾಗಲ್ಲ."

ಈ ಸಲದ ಮೂವತ್ತೊಂದು ಜನರಲ್ಲಿ ಎಪ್ಪತ್ತೆಂಟರ ಅಜ್ಜಿಯೊಬ್ಬರಿದ್ದಾರೆ. ಮೂವತ್ತು ವರ್ಷ ಶಾಲೆಯ ಮಕ್ಕಳಿಗೆ ಈಜು ಕಲಿಸಿದವರು. ಬಲಗಡೆ ಸೊಂಟದ ಆಪರೇಷನ್ ಆದಮೇಲೆ ಎರಡು ವರ್ಷದಿಂದ ಬಕೆಟ್ಟಿನ ನೀರು ಬಿಟ್ಟು ಬೇರೆ ನೀರು ಮುಟ್ಟಿಲ್ಲ. ಕೋಲು ಹಿಡಿದು ಸಮನೆಲದಲ್ಲಿ ನಡೆಯುತ್ತಾರೆ, ಆದರೆ ಆಳಕ್ಕೆ ಕಾಲಿಳಿಸಲಾರರು. ಮೂರು ವಾರದ ಹಿಂದೆ ಅವರ ಮಗಳು ಸಂಸ್ಥೆಗೆ ಫೋನ್ ಮಾಡಿದ್ದರು. "ಅಮ್ಮನಿಗೆ ಬೇರೇನೂ ಬೇಡ. ಆ ಕೆರೆಯಲ್ಲಿ ದೋಣಿ ಹತ್ತಿ ನೀರಲ್ಲಿ ಕೈ ಇಡ್ಬೇಕಂತೆ. ಆಗಲ್ಲ ಅನ್ನೋದಾದ್ರೆ ಈಗ್ಲೇ ಹೇಳ್ಬಿಡಿ. ಅಲ್ಲೀತನಕ ಕರ್ಕೊಂಡ್ಹೋಗಿ ದಡದಲ್ಲಿ ಕೂರಿಸೋ ಧೈರ್ಯ ನನಗಿಲ್ಲ."

ನಾಳೆಯಕ್ಕ ಹಳೆಯ ನೋಟ್‌ಬುಕ್ಕು ತೆಗೆದು ನೋಡಿ, "ಆಗುತ್ತೆ" ಎಂದಿದ್ದರು. ದೋಣಿ ಹತ್ತುವ ಕಟ್ಟೆಯೂ ದೋಣಿಯ ಅಂಚೂ ಸಮಸಮ ಎಂದು ಅವರದೇ ಕೈಬರಹ ಹೇಳುತ್ತಿತ್ತು.

ಏಳು ಗಂಟೆಗೆ ಅವರೂ, ಅವರ ಬಗ್ಗೆ ಬರೆಯಲೆಂದು ಜೊತೆಗೆ ಬಂದಿರುವ ನಾನೂ ಕೆರೆಯ ಬಳಿ ಇದ್ದೇವೆ. ಅವರು ಕಟ್ಟೆಯ ಮೇಲೆ ಮಂಡಿಯೂರಿ ಟೇಪು ಹಿಡಿದು ಅಳೆಯುತ್ತಾರೆ. ಟೇಪು ದರ್ಜಿಯಾದ ಗಂಡನದು. ಅಳತೆ ಸರಿಯಾಗಿದೆ, ಕಟ್ಟೆಯಿಂದ ದೋಣಿಗೆ ಹೊಸ್ತಿಲು ದಾಟಿದಂತೆ ದಾಟಬಹುದು.

"ನಾಳೆ ಏನಪ್ಪ?" ಎಂದು ದೋಣಿಯವನನ್ನು ಕೇಳುತ್ತಾರೆ.

"ನಾಳೆ ಏನಿರುತ್ತೆ ಅಕ್ಕಾ, ಇವತ್ತಿನ ಹಾಗೇ."

ನಾನಾಗಿದ್ದರೆ ಅಲ್ಲಿಗೆ ಸಮಾಧಾನಪಟ್ಟು ಹೊರಡುತ್ತಿದ್ದೆ. ಅವರು ಹೊರಡುವುದಿಲ್ಲ. ಆಚೆ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸಿನ ಹತ್ತಿರ ಹೋಗಿ ಕೂರುತ್ತಾರೆ.

"ನಾಳೆನೂ ಇಲ್ಲೇ ಒಗೀತೀಯೇನಮ್ಮ?"

"ನಾಳೆ ಬೇಗ ಮುಗಿಸ್ಕೋಬೇಕು ಅಕ್ಕಾ. ಹನ್ನೊಂದಕ್ಕೆ ತೂಬು ತೆರೆದು ಕೆಳಗಿನ ಹೊಲಗಳಿಗೆ ನೀರು ಬಿಡ್ತಾರೆ. ಆಮೇಲೆ ಇಲ್ಲಿ ಬರೀ ಕೆಸರು."

"ಎಷ್ಟು ಇಳಿಯುತ್ತೆ?"

ಆಕೆ ಒದ್ದೆ ಕೈಯಿಂದಲೇ ತೋರಿಸುತ್ತಾಳೆ. "ಸಾಯಂಕಾಲದ ಹೊತ್ತಿಗೆ ಈ ಮೆಟ್ಟಿಲು, ಅದರ ಕೆಳಗಿನ ಮೆಟ್ಟಿಲು, ಎರಡೂ ಮೇಲೆ ಬಂದಿರುತ್ತೆ."

ದೋಣಿ ವಿಹಾರ ನಾಳೆ ಸಂಜೆ ನಾಲ್ಕಕ್ಕೆ ಎಂದು ಕಾರ್ಯಕ್ರಮದ ಹಾಳೆಯಲ್ಲಿದೆ. ದೋಣಿಯವನು ಹಣೆ ಚಚ್ಚಿಕೊಳ್ಳುತ್ತಾನೆ. "ಅಯ್ಯೋ, ಹೌದಲ್ಲ! ನಮಗೆ ಅದೊಂದು ವಿಷಯಾನೇ ಅಲ್ಲ ಅಕ್ಕಾ. ಎರಡು ಮೆಟ್ಟಿಲು ಕೆಳಗೆ ಹಾರಿದ್ರಾಯ್ತು. ಬೇಕಾದ್ರೆ ಒಂದು ಪೆಟ್ಟಿಗೆ ಇಡ್ತೀನಿ."

"ಅಷ್ಟೆತ್ತರದ ಪೆಟ್ಟಿಗೆ ದೋಣಿಯಲ್ಲಿ ಅಲ್ಲಾಡುತ್ತೆ. ಹಾರೋರಿಗೆ ಎಪ್ಪತ್ತೆಂಟು ವರ್ಷ ಕಣಪ್ಪ."

ಅವರು ಕಾರ್ಯಕ್ರಮದ ಹಾಳೆಯನ್ನು ಮತ್ತೊಮ್ಮೆ ನೋಡುತ್ತಾರೆ. ಪೆನ್ನಿನ ಮುಚ್ಚಳವನ್ನು ತೆಗೆಯುವುದು, ಹಾಕುವುದು. ಆಮೇಲೆ ಫೋನ್ ತೆಗೆಯುತ್ತಾರೆ. ಆ ತುದಿಯಲ್ಲಿ ಬಸ್ಸಿನ ಜೊತೆಗಿರುವ ಮ್ಯಾನೇಜರ್.

"ಹಾಳೆ ಎಲ್ಲರ ಕೈಗೂ ಕೊಟ್ಟಾಗಿದೆ ಅಕ್ಕಾ," ಎಂಬ ಗೊಣಗಾಟ ನನಗೂ ಕೇಳುತ್ತದೆ. "ಒಬ್ಬರಿಗೋಸ್ಕರ ಮೂವತ್ತು ಜನರನ್ನ ಕತ್ತಲಲ್ಲಿ ಎಬ್ಬಿಸ್ಲಾ?"

"ಯಾರನ್ನೂ ಎಬ್ಬಿಸ್ಬೇಡಿ. ಹೊರಡೋದು ಏಳಕ್ಕೇ. ಹೋಟೆಲಿಗೆ ಬರೋ ಬದಲು ಸೀದಾ ಕೆರೆಗೆ ಬನ್ನಿ. ಹತ್ತೂವರೆಗೆ ಇಲ್ಲಿರ್ತೀರಿ."

"ಮೂರೂವರೆ ಗಂಟೆ ಬಸ್ಸಲ್ಲಿ ಕೂತು ಬಂದೋರು ಇಳಿದ ತಕ್ಷಣ ಏನು ಕೇಳ್ತಾರೆ ಗೊತ್ತಲ್ಲ? ಕೆರೆ ಎಲ್ಲಿ ಅಂತಲ್ಲ."

"ಅದನ್ನ ನನಗೆ ಬಿಡಿ."

ಟಿಕೆಟ್ ಮನೆಯ ಹಿಂದೆ ಎರಡು ಶೌಚಾಲಯಗಳಿವೆ, ಎರಡಕ್ಕೂ ಬೀಗ. ಬೀಗದ ಕೈ ಟಿಕೆಟ್ಟಿನವನ ಬಳಿ, ಟಿಕೆಟ್ಟಿನವನು ಅತ್ತೆ ಮನೆಯಲ್ಲಿ. ನಾಲ್ಕು ಫೋನು, ಎರಡು ಕಿಲೋಮೀಟರ್ ನಡಿಗೆ, ಅತ್ತೆಯ ಕೈಯ ಒಂದು ಲೋಟ ಚಹಾ ಆದಮೇಲೆ ಬೀಗದ ಕೈ ಸಿಗುತ್ತದೆ. ಒಳಗೆ ನೋಡಿದರೆ ಒಂದರ ಚಿಲಕ ಮುರಿದಿದೆ, ಇನ್ನೊಂದರ ದೀಪ ಉರಿಯುವುದಿಲ್ಲ. ನಾಳೆಯಕ್ಕ ಚೀಲದಿಂದ ಸ್ಕ್ರೂಡ್ರೈವರ್ ತೆಗೆಯುತ್ತಾರೆ. ಚಿಲಕ, ಬಲ್ಬು, ಕೈತೊಳೆಯಲು ಸಾಬೂನು, ಕೋಲು ತೂಗುಹಾಕಲು ಗೋಡೆಗೊಂದು ಮೊಳೆ. ಗುಡಿಸಿ ತೊಳೆಯುವವರು ಬರುವುದು ಮಧ್ಯಾಹ್ನ ಎಂದು ತಿಳಿದಾಗ ತೋಳು ಮಡಚಿ ತಾವೇ ಉಜ್ಜುತ್ತಾರೆ. ಇದು ನಿಮ್ಮ ಕೆಲಸವೇ ಎಂದು ಕೇಳಬೇಕೆನಿಸಿದರೂ ನಾನು ನೀರು ಹೊತ್ತು ಕೊಡುತ್ತೇನೆ.

ಮಧ್ಯಾಹ್ನ ತಾಲೀಮು. ನಾಳೆಯಕ್ಕ ಬಲಗಾಲನ್ನು ಮರದ ಕೊರಡಿನಂತೆ ಸೆಟೆಸಿಕೊಂಡು, ಕೋಲು ಹಿಡಿದು ಅಜ್ಜಿಯಾಗುತ್ತಾರೆ. ದೋಣಿಯವನು ಓಡಿಬಂದು ರಟ್ಟೆ ಹಿಡಿಯುತ್ತಾನೆ.

"ಹಿಡೀಬೇಡ! ಎಳೆದ್ರೆ ಬೀಳ್ತಾರೆ. ನಿನ್ನ ಕೈ ಚಾಚಿ ನಿಲ್ಲು, ಗೋಡೆ ಥರ. ಬೇಕಾದ್ರೆ ಅವರೇ ಹಿಡ್ಕೋತಾರೆ. ಮಾತಾಡ್ಬೇಡ."

"ಮಾತೂ ಆಡ್ಬಾರ್ದಾ?"

"'ಹುಷಾರಜ್ಜಿ, ಹುಷಾರಜ್ಜಿ' ಅಂದ್ರೆ ಭಯ ಆಗೋದು ಅಜ್ಜಿಗೇ."

ಆರು ಸಲ ಹತ್ತಿ ಇಳಿಯುತ್ತಾರೆ. ಆಮೇಲೆ, ನನ್ನ ತಲೆಗೆ ಹೊಳೆಯದೇ ಇದ್ದ ಮಾತು: ದೋಣಿ ತಿರುಗಿ ಬರುವಷ್ಟರಲ್ಲಿ ನೀರು ಒಂದು ಗೇಣು ಇಳಿದಿರುತ್ತದಲ್ಲ? ಹತ್ತುವುದು ಅರ್ಧ ಕೆಲಸ. ಅದಕ್ಕೆಂದು ಒಂದು ಗೇಣೆತ್ತರದ ಅಗಲ ಹಲಗೆಪೆಟ್ಟಿಗೆ ಹುಡುಕಿಸಿ, ಮೇಲೆ ಗೋಣಿತಾಟು ಬಡಿಸಿ, ಅದರ ಮೇಲೆ ತಾವೇ ನಿಂತು ಕುಣಿದು ನೋಡುತ್ತಾರೆ. ಅಲ್ಲಾಡುವುದಿಲ್ಲ. ಬಟ್ಟೆ ಒಗೆಯುವ ಹೆಂಗಸು ನಕ್ಕು, "ಅಕ್ಕನಿಗೆ ಈ ವಯಸ್ಸಲ್ಲಿ ಡ್ಯಾನ್ಸು," ಎನ್ನುತ್ತಾಳೆ.

ಅವರ ಜೊತೆ ಎರಡು ದಿನ ಕಳೆದರೆ ರಜೆಯ ಬಗ್ಗೆ ನಮಗೆ ಏನೂ ಗೊತ್ತಿಲ್ಲ ಎಂದು ಗೊತ್ತಾಗುತ್ತದೆ. ಪ್ರವಾಸಕ್ಕೆ ಹೊಸ ಚಪ್ಪಲಿ ಕೊಳ್ಳುವುದು ಮೂರ್ಖತನ, ತಿಂಗಳು ಮುಂಚೆ ಕೊಂಡು ಮನೆಯಲ್ಲೇ ಸವೆಸಬೇಕು. ಮಾತ್ರೆಗಳನ್ನು ಇಬ್ಬರ ಚೀಲಗಳಲ್ಲಿ ಹಂಚಿಡಬೇಕು. ಹೋಟೆಲಿನ ಕೋಣೆಗೆ ಹೋದವರು ಚಿಲಕ, ನಲ್ಲಿ, ಹಾಸಿಗೆ ನೋಡಿದಮೇಲೆ ಚೀಲ ಬಿಚ್ಚಬೇಕು, ಬಿಚ್ಚಿದಮೇಲೆ ಕೋಣೆ ಬದಲಾಯಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ದಿನಕ್ಕೆ ಮೂರು ಜಾಗ ಎಂದು ಬರೆದುಕೊಂಡವರು ಒಂದನ್ನು ಹೊಡೆದು ಹಾಕಬೇಕು. "ಜಗಳ ಶುರುವಾಗೋದು ಮೂರನೇ ಜಾಗದಲ್ಲೇ," ಎನ್ನುತ್ತಾರೆ. "ಗಂಡ ಹೆಂಡ್ತಿ ಬೇರೆಬೇರೆ ಸೀಟಲ್ಲಿ ಕೂತಿದ್ರೆ ಆ ದಿನದ ಪಟ್ಟಿ ಉದ್ದ ಇತ್ತು ಅಂತ ಅರ್ಥ, ನಮ್ಮ ಡ್ರೈವರಣ್ಣ ಹೇಳ್ತಿರ್ತಾನೆ." ಮತ್ತೆ, ಯಾರನ್ನೂ "ತೆಗೆದಿರುತ್ತಾ?" ಎಂದು ಕೇಳಬಾರದು, ಜನ ಹೂಂ ಎಂದುಬಿಡುತ್ತಾರೆ. "ನಾಳೆ ಏನು?" ಎಂದು ಕೇಳಿದರೆ ಯೋಚಿಸಲೇಬೇಕಾಗುತ್ತದೆ. ಅದನ್ನೂ ಇಬ್ಬರನ್ನು ಕೇಳಬೇಕು, ಇಬ್ಬರ ಕಸುಬೂ ಬೇರೆ ಇರಬೇಕು.

ಅವರ ಮನೆಯವರು ಒಮ್ಮೆ ಮಾತ್ರ ಒಟ್ಟಾಗಿ ರಜೆಗೆ ಹೋಗಿದ್ದಾರೆ, ಎರಡು ದಿನ. ಫೋನಿನಲ್ಲಿ ಕೇಳಿದಾಗ ದರ್ಜಿ ಯಜಮಾನರು ನಗುತ್ತಾರೆ. "ನಮ್ಮ ಮದುವೆಗೇ ಹಿಂದಿನ ದಿನ ಹೋಗಿ ಕುರ್ಚಿ ಎಣಿಸಿ ಬಂದವಳಮ್ಮ ಇವಳು. ರಜೆಯಲ್ಲಿ ಬೆಳಿಗ್ಗೆ ನಾಲ್ಕಕ್ಕೆದ್ದು ನಲ್ಲಿ ಬಿಟ್ಕೊಂಡು ನಿಂತಿದ್ಲು. 'ಅಮ್ಮಾ, ಇನ್ನೊಂದ್ಸಲ ಗಡಿಯಾರ ನೋಡಿದ್ರೆ ನಾನು ಮನೆಗೆ ಹೋಗ್ತೀನಿ' ಅಂದ್ಲು ಮಗಳು." ಇದನ್ನು ತಿಳಿಸಿದರೆ ನಾಳೆಯಕ್ಕ ತಲೆಯಾಡಿಸುತ್ತಾರೆ. ಅವರದೊಂದು ಸಣ್ಣ ಆಸೆಯಿದೆಯಂತೆ. ಒಂದೇ ಒಂದು ಸಲ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಮುಂದಿನ ನಿಲ್ದಾಣ ಯಾವುದು ಎಂದು ಗೊತ್ತಿಲ್ಲದೆ ಹೋಗಬೇಕು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅವರು ಮುಂದಿನ ಊರಿನ ಬಸ್ಸು ಹತ್ತುತ್ತಾರೆ. ಎರಡು ಗಂಟೆ ತಡೆದರೆ ಕಣ್ಣಾರೆ ನೋಡಬಹುದಲ್ಲ ಎಂದರೆ, "ಆ ಊರಿನ ಹೋಟೆಲಲ್ಲಿ ಲಿಫ್ಟ್ ಕೆಟ್ಟಿದೆಯಂತೆ," ಎಂದಷ್ಟೇ ಹೇಳುತ್ತಾರೆ. ಬಸ್ಸು ಹೊರಟಮೇಲೂ ಕಿಟಕಿಯಿಂದ ತಲೆ ಹೊರಹಾಕಿ, "ಪೆಟ್ಟಿಗೆ ದೋಣಿಯಲ್ಲೇ ಇರ್ಲಿ, ಕಟ್ಟೆ ಮೇಲಲ್ಲ!" ಎಂದು ಕೂಗುತ್ತಾರೆ.

ನಾನು ಕಟ್ಟೆಯ ಬಳಿ ಕಾಯುತ್ತೇನೆ. ಹತ್ತೂವರೆ ಆಗುತ್ತದೆ, ಬಸ್ಸಿಲ್ಲ. ಹತ್ತು ನಲವತ್ತು. ದೋಣಿಯವನು ದಾರಿ ನೋಡುತ್ತಾನೆ, ನಾನು ನೀರು ನೋಡುತ್ತೇನೆ. ಹತ್ತು ಐವತ್ತೆರಡಕ್ಕೆ ಬಸ್ಸು ತಿರುವಿನಲ್ಲಿ ಕಾಣುತ್ತದೆ. ಇಳಿದವರಲ್ಲಿ ಅರ್ಧ ಜನ ಟಿಕೆಟ್ ಮನೆಯ ಹಿಂದಕ್ಕೆ ಹೋಗಿ, ಹಗುರ ಮುಖದಲ್ಲಿ ವಾಪಸು ಬರುತ್ತಾರೆ. ಅಷ್ಟರಲ್ಲಿ ತೂಬಿನ ಕಡೆಯಿಂದ ನೀರು ಧುಮುಕುವ ಸದ್ದು ಶುರುವಾಗುತ್ತದೆ.

ಅಜ್ಜಿ ಕೊನೆಯವರಾಗಿ ಬರುತ್ತಾರೆ. ನೀರು ಆಗಲೇ ಎರಡು ಬೆರಳು ಇಳಿದಿದೆ. ದೋಣಿಯವನು ತುಟಿ ಬಿಗಿದು ಕೈ ಚಾಚಿ ನಿಲ್ಲುತ್ತಾನೆ, ಗೋಡೆಯ ಹಾಗೆ. ಮಗಳು "ಅಮ್ಮಾ" ಎನ್ನುತ್ತಾರೆ. ಅಜ್ಜಿ ಆ ಕೈಯನ್ನು ಒಮ್ಮೆ ನೋಡಿ, ಹಿಡಿದು, ದಾಟುತ್ತಾರೆ. ಅಷ್ಟೇ. ನಾನು ಉಸಿರು ಬಿಡುವಷ್ಟರಲ್ಲಿ ಅವರು ಕೂತಾಗಿದೆ.

ದೋಣಿ ನಡುನೀರಿಗೆ ಹೋಗುತ್ತದೆ. ಅಜ್ಜಿ ಬಗ್ಗಿ ನೀರಿನಲ್ಲಿ ಬೆರಳಿಡುತ್ತಾರೆ, ಆಮೇಲೆ ಅಂಗೈ, ಆಮೇಲೆ ಮೊಣಕೈವರೆಗೂ. ದಡದವರೆಗೆ ಕೇಳಿಬರುವುದು ಅವರ ಮೇಷ್ಟರ ಗಂಟಲು: "ಬೆನ್ನು ನೆಟ್ಟಗೆ ಇಟ್ಟು ಹುಟ್ಟು ಹಾಕಪ್ಪ! ಯಾರು ನಿನಗೆ ಕಲಿಸಿದ್ದು?" ತಿರುಗಿ ಬಂದಾಗ ಪೆಟ್ಟಿಗೆಯ ಮೇಲೆ ಒಂದು ಹೆಜ್ಜೆ, ಕಟ್ಟೆಯ ಮೇಲೆ ಒಂದು ಹೆಜ್ಜೆ. ಇಲ್ಲಿ ಈ ಪೆಟ್ಟಿಗೆ ಯಾಕಿದೆ ಎಂದು ಯಾರೂ ಕೇಳುವುದಿಲ್ಲ.

ಸಂಜೆ ನಾಳೆಯಕ್ಕನಿಗೆ ಫೋನ್ ಮಾಡುತ್ತೇನೆ. ಹತ್ತಿದರು, ಇಳಿದರು, ಕೈಯಿಟ್ಟರು ಎಂದೆಲ್ಲ ಒಂದೇ ಉಸಿರಿಗೆ ಹೇಳುತ್ತೇನೆ. ಆ ಕಡೆ ಎಲ್ಲೋ ಲಿಫ್ಟಿನ ಬಾಗಿಲು ಮುಚ್ಚಿದ ಸದ್ದು.

"ಯಾವ ಕಾಲು ಮೊದಲು ಇಟ್ರು?"

"ಎಡಗಾಲು."

"ಸರಿ. ಖುಷಿಯಾಗಿದ್ರಾ?"

"ತೋಳು ಪೂರ್ತಿ ಒದ್ದೆ ಮಾಡ್ಕೊಂಡಿದ್ರು. ಮಗಳು ತನ್ನ ಶಾಲಿಂದ ಒರೆಸ್ತಿದ್ರೂ ಕೈ ಕೊಡ್ತಿರ್ಲಿಲ್ಲ, ಮತ್ತೆ ನೀರಿಗೇ ಹಾಕ್ತಿದ್ರು."

ನೋಟ್‌ಬುಕ್ಕಿನ ಹಾಳೆ ಮಗುಚುವುದು ಕೇಳುತ್ತದೆ.

"ಬರ್ಕೋತೀನಿ ಇರಿ," ಎನ್ನುತ್ತಾರೆ ನಾಳೆಯಕ್ಕ. "ದೋಣಿಯಲ್ಲಿ ಒಣ ಟವೆಲು. ಎರಡು."