ಕೊಡಿಲ್ಲಿ ಚಿಕ್ಕಮ್ಮ ಕೈ ಅದುಮಿ ಕೂತದ್ದು

ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಆ ಅಂಗಡಿಯ ಒಡತಿಯನ್ನು ಇಡೀ ಬೀದಿಯೇ ‘ಕೊಡಿಲ್ಲಿ ಚಿಕ್ಕಮ್ಮ’ ಎಂದು ಕರೆಯುತ್ತಿತ್ತು. ಯಾರ ಕೈಯಲ್ಲಿ ಸ್ಪ್ಯಾನರ್ ಕಂಡರೂ “ಕೊಡಿಲ್ಲಿ!” ಎಂದು ಕಿತ್ತುಕೊಳ್ಳುವುದು ಆಕೆಯ ಹುಟ್ಟುಗುಣ. ಕೂಸಾಗಿದ್ದಾಗಲೇ ಬಡಗಿಯ ಸುತ್ತಿಗೆ ಕಸಿದು ತನ್ನ ತೊಟ್ಟಿಲನ್ನು ತಾನೇ ರಿಪೇರಿ ಮಾಡಿಕೊಂಡಳಂತೆ. ಇದನ್ನು ನಂಬದಿರಲು ಬೀದಿಯಲ್ಲಿ ಯಾರಿಗೂ ಇನ್ನೂ ಕಾರಣ ಸಿಕ್ಕಿಲ್ಲ.

ಏಳನೇ ಕ್ಲಾಸಿಗೆ ಓದು ನಿಂತಿದ್ದ ಚಿಕ್ಕಮ್ಮನಿಗೆ, ಅಕ್ಕನ ಮಗಳು ಎಂಜಿನಿಯರ್ ಆಗಲೇಬೇಕೆಂಬ ಹಟ. ನಿವೃತ್ತ ಮಹಿಳಾ ಎಂಜಿನಿಯರುಗಳ ಸಂಘವೊಂದು ಹುಡುಗಿಯ ಮೂರು ವರ್ಷದ ಫೀಸು ಕಟ್ಟಿ, ಕೈಕೆಲಸ ಕಲಿಸುವ ಗುರುವಾಗಿ ಚಿಕ್ಕಮ್ಮನನ್ನೇ ಒಪ್ಪಿಕೊಂಡಿತ್ತು. ಕೊನೆಯ ವರ್ಷಕ್ಕೆ ಮಾತ್ರ ಒಂದು ಷರತ್ತು: ಹುಡುಗಿ ಒಂದು ಮೋಟಾರನ್ನು ಪೂರ್ತಿ ತಾನೇ ಸುತ್ತಿ, ಸಂಘದವರ ಎದುರು ಓಡಿಸಬೇಕು. ಗುರು ಬೆರಳು ತಾಗಿಸಿದರೂ ಫೀಸಿಲ್ಲ. ಫೀಸಿಲ್ಲದೆ ಓದೂ ಇಲ್ಲ.

“ಚಿಕ್ಕಮ್ಮ, ಅವತ್ತು ನೀನು ಅಂಗಡೀಲಿ ಇರ್ಲೇಬೇಕಾ?” ಹುಡುಗಿ ಮೆಲ್ಲಗೆ ಕೇಳಿದಳು.

“ಯಾಕೆ, ನಾನೇನು ಹುಲೀನಾ?”

“ಹುಲಿಯಾಗಿದ್ರೆ ಬೋನಿಗೆ ಹಾಕ್ಬಹುದಿತ್ತು.”

ಆ ದಿನ ಚಿಕ್ಕಮ್ಮ ಎರಡೂ ಕೈಗಳನ್ನು ತೊಡೆಯಡಿ ಅದುಮಿಕೊಂಡು ಮೂಲೆಯ ಸ್ಟೂಲಿನ ಮೇಲೆ ಕೂತಳು. ಸಂಘದಿಂದ ಬಂದ ಮೇಡಂ ಕನ್ನಡಕ ಏರಿಸಿಕೊಂಡರು. ತಾನೇ ಸುತ್ತಿ ಮುಗಿಸಿದ, ವಾರ್ನಿಷ್ ವಾಸನೆ ಇನ್ನೂ ಹೋಗದ ಪಂಪಿನ ಮೋಟಾರಿನ ಸ್ವಿಚ್ಚನ್ನು ಹುಡುಗಿ ಒತ್ತಿದಳು. ಮೋಟಾರು ಬೆಣ್ಣೆಯಂತೆ ತಿರುಗಿತು.

“ಚೆನ್ನಾಗಿ ತಿರುಗ್ತಿದೆ,” ಎಂದರು ಮೇಡಂ. “ಉಲ್ಟಾ ತಿರುಗ್ತಿದೆ, ಅಷ್ಟೆ.”

ಹೌದು. ಇದನ್ನು ಪಂಪಿಗೆ ಜೋಡಿಸಿದರೆ ಊರಿನ ಕೊಡಗಳಲ್ಲಿದ್ದ ನೀರೂ ವಾಪಸು ಬಾವಿ ಸೇರಬೇಕು, ಹಾಗಿತ್ತು ಅದರ ಓಟ. ಮೂರು ತಂತಿಗಳಲ್ಲಿ ಎರಡನ್ನು ಅದಲುಬದಲು ಮಾಡಿದರೆ ಸರಿಹೋಗುವ, ಅರ್ಧ ನಿಮಿಷದ ಕೆಲಸ. ಚಿಕ್ಕಮ್ಮನ ಅಂಗೈಗೆ ಸಾವಿರ ಇರುವೆ ಕಡಿದಂತಾಯಿತು. “ಕೊ…” ಎಂದು ಬಾಯಿ ತೆರೆದವಳು, “ಕೊ… ಕೊ…” ಎಂದು ಅದನ್ನು ಕೆಮ್ಮಾಗಿಸಿದಳು.

“ನೀರು ಬೇಕಾ?” ಎಂದರು ಮೇಡಂ.

“ಬೇಡ. ನನ್ನನ್ನ ಯಾರೂ ಮಾತಾಡಿಸ್ಬೇಡಿ.”

ಹುಡುಗಿ ಕರೆಂಟು ಆರಿಸಿ, ಎರಡು ತಂತಿ ಬದಲಿಸಿದಳು. ಮತ್ತೆ ಸ್ವಿಚ್ಚು ಒತ್ತಿದಾಗ ಮೋಟಾರು ನೆಟ್ಟಗೆ ತಿರುಗಿತು. ಮೇಡಂ ಮಾತ್ರ ಪೆನ್ನು ತೆಗೆಯಲಿಲ್ಲ.

“ಇಷ್ಟು ಯಾರಾದ್ರೂ ಮಾಡ್ತಾರೆ. ಉಲ್ಟಾ ಯಾಕಾಯ್ತು? ಅದನ್ನ ಹೇಳು.”

ಅದು ಚಿಕ್ಕಮ್ಮನಿಗೂ ಗೊತ್ತಿರಲಿಲ್ಲ. ಸುತ್ತಿನ ಲೆಕ್ಕ ಸರಿ, ಜೋಡಣೆ ಸರಿ. ಹುಡುಗಿ ಎಂದಿನಂತೆ ಚಿಕ್ಕಮ್ಮನ ಬೆಂಚಿನ ಎದುರಿಗಿನ ಮಣೆಯ ಮೇಲೆ ಕೂತು, ಗಾಳಿಯಲ್ಲೇ ತಂತಿ ಸುತ್ತಿದಳು. ಆಮೇಲೆ ಎದ್ದು ಹೋಗಿ, ಬೆಂಚಿನಾಚೆ ಚಿಕ್ಕಮ್ಮ ದಿನಾ ಕೂರುವ ಜಾಗದಲ್ಲಿ ಕೂತು ಮತ್ತೆ ಸುತ್ತಿದಳು. ಅವಳ ಕೈ ಅಲ್ಲೇ ನಿಂತಿತು.

“ನಾನು ಕಲ್ತಿದ್ದೆಲ್ಲ ಚಿಕ್ಕಮ್ಮನ ಎದುರು ಕೂತು, ಮೇಡಂ. ಇವರ ಬಲ ನನಗೆ ಎಡ. ಕನ್ನಡಿಯಲ್ಲಿ ಕಂಡ ಹಾಗೆ ಇಡೀ ಮೋಟಾರನ್ನೇ ತಿರುವುಮುರುವು ಸುತ್ತಿದೀನಿ.”

ಮೂರು ವರ್ಷದಲ್ಲಿ ಇದು ಒಮ್ಮೆಯೂ ಗೊತ್ತಾಗಲಿಲ್ಲವೇಕೆ? ಒಂದು ಮೋಟಾರನ್ನಾದರೂ ಹುಡುಗಿ ಕೊನೆಮುಟ್ಟಿಸಲು ಚಿಕ್ಕಮ್ಮ ಬಿಟ್ಟಿದ್ದರೆ ತಾನೆ! ಅರ್ಧಕ್ಕೆ ಬರುವಷ್ಟರಲ್ಲಿ ಕಸಿದುಕೊಂಡು, ಸರಿಯಾಗಿ ನೋಡದೆಯೇ ಬಿಚ್ಚಿ, ತಾನೇ ಸುತ್ತಿ ಮುಗಿಸುತ್ತಿದ್ದಳು. ಪ್ರೀತಿ ಎಂದುಕೊಂಡಿದ್ದಳು ಅದನ್ನು. ಈಗ ಗಂಟಲಲ್ಲಿ ನಿಜವಾದ ಕೆಮ್ಮೇ ಬಂತು.

“ಬರ್ಕೊಳ್ಳಿ ಮೇಡಂ, ತಪ್ಪು ಕಲಿಸಿದೋಳದ್ದು. ದಪ್ಪ ಅಕ್ಷರದಲ್ಲಿ ಬರೀರಿ. ಅವಳ ಫೀಸು ಮಾತ್ರ ನಿಲ್ಲಿಸ್ಬೇಡಿ.”

“ತಪ್ಪು ಯಾರದ್ದು ಅಂತ ಕೇಳೋ ಜಾಗವೇ ಫಾರಮ್ಮಲ್ಲಿ ಇಲ್ಲಮ್ಮ. ಕಾರಣವನ್ನ ತಾನೇ ಕಂಡುಹಿಡಿದಳಾ ಅಂತ ಮಾತ್ರ ಇದೆ.”

ಮೇಡಂ ‘ಹೌದು’ ಎಂದು ಬರೆದು, ಫೀಸಿನ ಸಾಲಿಗೆ ಸಹಿ ಹಾಕಿ, ಕಾಗದವನ್ನು ಗುರುವಿನತ್ತ ಚಾಚಿದರು. ಚಿಕ್ಕಮ್ಮ ತೊಡೆಯಡಿಯಿಂದ ಕೈ ಎಳೆದಳು. ಎರಡೂ ಮರಗಟ್ಟಿ ಹೋಗಿದ್ದವು. ಪೆನ್ನು ಎರಡು ಬಾರಿ ಜಾರಿ ಬಿತ್ತು. ಹುಡುಗಿ ಅದನ್ನೆತ್ತಿ ಕೊಟ್ಟು, ಕಾಗದ ಅಲುಗಾಡದಂತೆ ಹಿಡಿದುಕೊಂಡು, ಸಹಿ ಮುಗಿಯುವವರೆಗೂ ಸುಮ್ಮನೆ ಕಾದಳು.